ಹೊದಿಸಿದ ಶಾಲಿನ ಹೆಸರು ಬದಲಾವಣೆ ಕೋರಿ

ಇಂದ:
ನಿವೇದಿತಾ ಸಂತೋಷಕುಮಾರ
ಆಜೀವ ಸದಸ್ಯೆ ಹಾಗೂ ಮೊಸರನ್ನ ವಿಭಾಗದ ಸ್ವಯಂಸೇವಕಿ
ಮಿಲ್ಪಿಟಾಸ್, ಕ್ಯಾಲಿಫೋರ್ನಿಯಾ

ಗೆ:
ಶ್ರೀ ಶೇಷಗಿರಿಯವರು
ಅಧ್ಯಕ್ಷರು, ಸೇವಂತಿಗೆ ಕನ್ನಡ ಬಳಗ, ಸೌತ್ ಬೇ
ಕ್ಯಾಂಪ್‌ಬೆಲ್

ಮುಖಾಂತರ: ಶ್ರೀ ಗುಣಪಾಲ, ಕಾರ್ಯದರ್ಶಿ ಮತ್ತು ಕಾಯಂ ನಿರೂಪಕರು

ದಿನಾಂಕ: 28 ಸೆಪ್ಟೆಂಬರ್ 2025

ವಿಷಯ: ಗಣೇಶೋತ್ಸವದಲ್ಲಿ ನನ್ನ ಮಗಳು ಕುಮಾರಿ ಐಶ್ವರ್ಯಾಳಿಗೆ ಮಾಡಲಾದ ಸನ್ಮಾನದ ದಾಖಲೆಯಲ್ಲಿ ಹೆಸರು ಮತ್ತು ಸಾಧನೆ ಎರಡನ್ನೂ ಬದಲಾಯಿಸುವ ಕುರಿತು.

ಉಲ್ಲೇಖ:
1. ಸೆಪ್ಟೆಂಬರ್ 6ರ ಗಣೇಶೋತ್ಸವ ಕಾರ್ಯಕ್ರಮ, ಊಟಕ್ಕೆ ಮುಂಚಿನ ಭಾಗ.
2. ಬಳಗದ ಮಾಸಪತ್ರಿಕೆ, ಏಳನೇ ಪುಟ: "ಭೌತಶಾಸ್ತ್ರದಲ್ಲಿ ಅಮೋಘ ಸಾಧನೆಗೈದ ಕನ್ನಡತಿ" ಎಂಬ ಸಚಿತ್ರ ವರದಿ.
3. "ಬರೆದು ಕೊಡಿ, ನೋಡೋಣ" ಎಂಬ ತಮ್ಮ ದೂರವಾಣಿ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯ ಮತ್ತು ಉಲ್ಲೇಖಗಳಿಗೆ ಸಂಬಂಧಿಸಿದಂತೆ ವಿನಂತಿಸಿಕೊಳ್ಳುವುದೇನೆಂದರೆ, ಮಾಡಿದ ಸನ್ಮಾನವನ್ನು ವಾಪಸು ಪಡೆಯುವ ಪದ್ಧತಿ ಬಳಗದಲ್ಲಿ ಇಲ್ಲವೆಂದು ತಾವು ತಿಳಿಸಿರುವ ಕಾರಣ, ಈ ಅರ್ಜಿಯ ಮೊದಲ ಕರಡಿನಲ್ಲಿದ್ದ ಆ ಬೇಡಿಕೆಯನ್ನು ಕೈಬಿಟ್ಟು, ಹೆಸರು ಬದಲಾವಣೆಯನ್ನಷ್ಟೇ ಕೋರುತ್ತಿದ್ದೇನೆ. ಸಂಗತಿಗಳು ಈ ಕೆಳಗಿನಂತಿವೆ. ನಾನು ಕಂಡದ್ದನ್ನು ಕಂಡಂತೆ ಬರೆದಿದ್ದೇನೆ. ಬೇರೆಯವರು ಆಡಿದ್ದನ್ನು ಅವರ ಹೆಸರು ಹಾಕಿ ಬರೆದಿದ್ದೇನೆ.

1. ಐಶ್ವರ್ಯಾ ಹನ್ನೆರಡನೇ ತರಗತಿಯಲ್ಲಿದ್ದಾಳೆ. ಈ ವರ್ಷ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾಳೆ. ನೂರು ಮಂದಿ ಕೇಳಿದರೆ ನಾಲ್ಕೈದು ಮಂದಿಗೆ ಸೀಟು ಕೊಡುವ ಕಾಲೇಜುಗಳು ಅವು. ಹುಡುಗರು ಎಷ್ಟು ಕಷ್ಟದ ವಿಷಯ ತೆಗೆದುಕೊಂಡಿದ್ದಾರೆ ಎಂದು ಇಂಥ ಕಾಲೇಜುಗಳು ನೋಡುತ್ತವೆ ಎಂಬುದನ್ನು ಬಳಗದ ಪಾಲಕರು ಪರಸ್ಪರ ದಿನಕ್ಕೆರಡು ಬಾರಿ ತಿಳಿಸಿಕೊಳ್ಳುತ್ತಾರೆ. ಆದ್ದರಿಂದ ಆಕೆ ಆಗಸ್ಟಿನಲ್ಲಿ ಎಪಿ ಫಿಸಿಕ್ಸ್ ಸಿ ಎಂಬ ತರಗತಿಗೆ ಸೇರಿದಳು. ಹೈಸ್ಕೂಲಿನಲ್ಲಿ ಕೂತು ಕಾಲೇಜಿನ ಭೌತಶಾಸ್ತ್ರ ಓದುವ ತರಗತಿ ಅದು. ಕಡ್ಡಾಯವಲ್ಲ. ಕಡ್ಡಾಯವಲ್ಲದ ಕಾರಣವೇ ಎಲ್ಲರೂ ಸೇರುತ್ತಾರೆ.

2. ಸೆಪ್ಟೆಂಬರ್ 6ರಂದು ಬಳಗವು ವಾಲ್ನಟ್ ಕ್ರೀಕ್‌ನ ವಿಜ್ಞಾನಿ ಡಾ. ಅರವಿಂದ ಅವರನ್ನು ಸನ್ಮಾನಿಸಬೇಕಿತ್ತು. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ ಮತ್ತು ಅವರ ಹೆಸರು ಕೆತ್ತಿಸಿದ ಸ್ಮರಣಿಕೆ ಸಿದ್ಧವಿದ್ದವು. ಡಾ. ಅರವಿಂದ ಅವರು ಫ್ರೀವೇ 680ರಲ್ಲಿ ಅಪಘಾತವಾಗಿ ಗಾಡಿಗಳು ನಿಂತಿದ್ದರಿಂದ ಅರ್ಧ ದಾರಿಯಿಂದಲೇ ಮನೆಗೆ ಮರಳಿದರು. ಮೊಸರನ್ನದ ಕೌಂಟರು ವೇದಿಕೆಯ ಮೆಟ್ಟಿಲಿಗೆ ತಾಗಿಕೊಂಡೇ ಇರುವುದರಿಂದ, ತಮಗೂ ಗುಣಪಾಲರಿಗೂ ನಡೆದ ಮಾತುಕತೆ ನನಗೆ ಪೂರ್ತಿ ಕೇಳಿಸಿತು.

"ಗುಣಪಾಲ್, ಶಾಲು ಪ್ಯಾಕೆಟ್ಟಿಂದ ತೆಗೆದಾಗಿದೆ. ಯಾರಿಗಾದ್ರೂ ಹಾಕ್ಲೇಬೇಕಲ್ರೀ" ಎಂದಿರಿ ತಾವು.

"ಯಾರಿಗೆ ಹಾಕುವುದು ಮಾರಾಯ್ರೆ? ಹೋದ ವರ್ಷವೇ ಎಲ್ಲರಿಗೂ ಹಾಕಿ ಆಯ್ತಲ್ಲ."

"ಸೈನ್ಸ್‌ದು ಯಾರಾದ್ರೂ ನೋಡಿ. ಇನ್ವಿಟೇಶನ್ನಲ್ಲಿ ವಿಜ್ಞಾನ ಅಂತ ಪ್ರಿಂಟಾಗೋಗಿದೆ."

"ನಿವೇದಿತಾರ ಮಗಳು ಉಂಟಲ್ಲ, ಎಂತದೋ ದೊಡ್ಡ ಫಿಸಿಕ್ಸ್ ತಗೊಂಡಿದ್ದಾಳಂತೆ. ಆ ಕ್ಲಾಸಲ್ಲಿ ಹುಡುಗಿಯರೇ ಇಲ್ವಂತೆ."

"ಮುಗೀತು. ಕರೀರಿ."

ತಿದ್ದುಪಡಿ: ಆ ತರಗತಿಯಲ್ಲಿ ಐಶ್ವರ್ಯಾಳಲ್ಲದೆ ಇನ್ನೂ ಆರು ಹುಡುಗಿಯರಿದ್ದಾರೆ.

ಆಗ ಆಕೆ ನನ್ನ ಪಕ್ಕದಲ್ಲಿ ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡು ಮೊಸರನ್ನ ಬಡಿಸಲು ನಿಂತಿದ್ದಳು. ಮೈಕಿನಲ್ಲಿ ಹೆಸರು ಕೇಳಿ, ತನ್ನ ಕಾರನ್ನು ಯಾರದೋ ದಾರಿಗೆ ಅಡ್ಡ ನಿಲ್ಲಿಸಿರಬೇಕೆಂದು ತಿಳಿದು ಓಡಿದಳು. ಮೆಟ್ಟಿಲು ಹತ್ತುವಾಗಲೇ ಪೇಟ ಇಟ್ಟಿರಿ. ಸ್ಮರಣಿಕೆಯ ಮೇಲಿದ್ದ ಡಾ. ಅರವಿಂದ ಅವರ ಹೆಸರಿನ ಮೇಲೆ ಗುಣಪಾಲರು ಬಿಳಿ ಸ್ಟಿಕ್ಕರ್ ಅಂಟಿಸಿ ಪೆನ್ನಿನಿಂದ ನನ್ನ ಮಗಳ ಹೆಸರು ಬರೆದರು. ಏಳನೇ ಪುಟದ ಫೋಟೋದಲ್ಲಿ ಆಕೆಯ ಬಲಗೈಯಲ್ಲಿ ಕೈಗವಸು ಹಾಗೇ ಇರುವುದನ್ನು ಗಮನಿಸಬಹುದು.

3. ಸದರಿ ದಿನಾಂಕದಂದು ಐಶ್ವರ್ಯಾ ಆ ತರಗತಿಗೆ ಸೇರಿ ಮೂರು ವಾರವಾಗಿತ್ತು. ಬರೆದದ್ದು ಒಂದು ಕಿರು ಪರೀಕ್ಷೆ. ಬಂದ ಅಂಕ ಇಪ್ಪತ್ತೈದಕ್ಕೆ ಹನ್ನೊಂದು. ಆದ್ದರಿಂದ ವರದಿಯಲ್ಲಿ ಹೇಳಿರುವ "ಅಮೋಘ ಸಾಧನೆ" ಎಂಬುದು ತರಗತಿಗೆ ಹೆಸರು ಕೊಟ್ಟದ್ದನ್ನು ಕುರಿತದ್ದೆಂದು ಭಾವಿಸಬೇಕಾಗುತ್ತದೆ. ಕಂಪ್ಯೂಟರಿನ ಪರದೆಯಲ್ಲಿ ಒಂದು ಪುಟ್ಟ ಚೌಕದ ಮೇಲೆ ಬೆರಳಿಟ್ಟರೆ ಈ ಸಾಧನೆ ಸಂಪನ್ನವಾಗುತ್ತದೆ.

4. ಸನ್ಮಾನದ ಪರಿಣಾಮಗಳು:

ಗದಗಿನಿಂದ ಆರು ತಿಂಗಳ ವೀಸಾದ ಮೇಲೆ ಬಂದಿರುವ ನನ್ನ ತಾಯಿ ಶ್ರೀಮತಿ ಕಾಶವ್ವ ಆ ಫೋಟೋವನ್ನು ಗದಗಿಗೆ ಕಳುಹಿಸಿದರು. ಗದಗು ಅದನ್ನು ಹುಬ್ಬಳ್ಳಿಗೆ ಕಳುಹಿಸಿತು. ಹುಬ್ಬಳ್ಳಿಯಿಂದ ಅದು "ನಮ್ಮ ಹುಡುಗಿ ಅಮೆರಿಕದಾಗ ವಿಜ್ಞಾನಿ ಆದಳು" ಎಂಬ ಅಡಿಬರಹದೊಂದಿಗೆ ನನಗೇ ವಾಪಸು ಬಂತು.

ಕಾಲೇಜು ಅರ್ಜಿಯಲ್ಲಿ ಗೌರವ, ಪ್ರಶಸ್ತಿ ಇತ್ಯಾದಿ ತುಂಬಲು ಐದು ಸಾಲುಗಳಿವೆ. ಅವುಗಳಲ್ಲಿ ಒಂದು ಖಾಲಿ ಇದ್ದದ್ದು ನನ್ನ ಪತಿ ಸಂತೋಷಕುಮಾರ ಅವರಿಗೆ ಬೇಸಿಗೆಯಿಂದ ಕೊರೆಯುತ್ತಿತ್ತು. ಸನ್ಮಾನದ ಮರುದಿನ ಬೆಳಿಗ್ಗೆ ಅವರು ಬಹಳ ಸಮಾಧಾನದಿಂದ ಚಹಾ ಕುಡಿಯುತ್ತಿದ್ದರು.

"ತುಂಬಿದೆ ನೋಡು. ಫೆಲಿಸಿಟೇಟೆಡ್ ಫಾರ್ ಫಿಸಿಕ್ಸ್. ಲೆವೆಲ್ ಕೇಳಿತ್ತು, ಇಂಟರ್‌ನ್ಯಾಷನಲ್ ಅಂತ ಹಾಕೀನಿ."

"ಹಾಲ್ ಮಿಲ್ಪಿಟಾಸ್‌ದಾಗ ಐತ್ರಿ."

"ಬಳಗ ಕರ್ನಾಟಕದ್ದು, ಹಾಲ್ ಅಮೆರಿಕದ್ದು. ಎರಡು ದೇಶ ಆತಿಲ್ಲೋ?"

ಅವರು ಇಂಜಿನಿಯರ್. ಲೆಕ್ಕ ತಪ್ಪುವವರಲ್ಲ.

5. ಈ ಅವಧಿಯಲ್ಲಿ ಐಶ್ವರ್ಯಾ ಊಟ ಕಡಿಮೆ ಮಾಡಿದಳು. ಎರಡನೇ ಪರೀಕ್ಷೆಯ ಅಂಕವನ್ನು ಕೇಳಿದರೆ "ಫೈನ್" ಎಂದಳು. ಫೈನ್ ಎಂಬುದು ಅಂಕವಲ್ಲ ಎಂದು ನಾನು ಹೇಳಿದಾಗ ಎದ್ದು ಹೋದಳು. ಶನಿವಾರಗಳಲ್ಲಿ ಕ್ಯಾಂಪ್‌ಬೆಲ್‌ನ ತಿರುಮಲೇಶ ಅವರ ಮನೆಯಲ್ಲಿ ನಮ್ಮ ಬಳಗದ ಮಕ್ಕಳು ಸೇರಿ ಫಿಸಿಕ್ಸ್ ಓದುವ ಏರ್ಪಾಡಿದ್ದು, ಈಕೆಯೂ ತಪ್ಪದೆ ಹೊರಡುತ್ತಿದ್ದಳು. ಸೆಪ್ಟೆಂಬರ್ 20ರ ಶನಿವಾರ ಮಧ್ಯಾಹ್ನ ನಾನು ಕರಿಬೇವು ತರಲು ಮಿಲ್ಪಿಟಾಸ್‌ನ ಇಂಡಿಯನ್ ಗ್ರೋಸರಿ ಅಂಗಡಿಗೆ ಹೋದೆ. ಪಾರ್ಕಿಂಗ್ ಜಾಗದ ಕೊನೆಯ ಸಾಲಿನಲ್ಲಿ ಆಕೆಯ ಕಾರು ಇತ್ತು. ಒಳಗೆ ಆಕೆ ಇದ್ದಳು. ಸ್ಟೀರಿಂಗಿಗೆ ಆನಿಸಿ ಪುಸ್ತಕ ತೆರೆದಿಟ್ಟುಕೊಂಡಿದ್ದಳು. ನಾನು ಪಕ್ಕದ ಸೀಟಿನಲ್ಲಿ ಕೂತೆ.

"ತಿರುಮಲೇಶ್ ಅಂಕಲ್ ಮನ್ಯಾಗ ಇರಬೇಕಿತ್ತಲ್ಲ ನೀ?"

"ಹೋಗಿದ್ದೆ ಅಮ್ಮಾ. ಬೆಲ್ ಮಾಡಕ್ಕೆ ಆಗ್ಲಿಲ್ಲ."

"ಯಾಕ?"

"ಅಂಕಲ್ ಡೋರ್ ಓಪನ್ ಮಾಡಿದ ತಕ್ಷಣ 'ಬಂದ್ಳು ನೋಡ್ರೋ ನಮ್ಮ ಫಿಸಿಕ್ಸ್ ಗರ್ಲ್' ಅಂತಾರೆ. ಎವ್ರಿ ಟೈಮ್. ಆಮೇಲೆ ಎಲ್ರೂ ಡೌಟ್ಸ್ ನನ್ನೇ ಕೇಳ್ತಾರೆ. ಅಮ್ಮಾ, ನಂಗೆ ಒಂದೂ ಬರಲ್ಲ. ಸೇಮ್ ಪ್ರಾಬ್ಲಮ್ ನಾಲ್ಕು ಸಲ ಓದ್ತೀನಿ. ನಥಿಂಗ್."

"ಬಿಟ್ಟಬಿಡು ಮತ್ತ. ಡ್ರಾಪ್ ಮಾಡು."

ಆಕೆ ನನ್ನನ್ನು, ನಾನು ಏನೂ ತಿಳಿಯದವಳು ಎಂಬಂತೆ ನೋಡಿದಳು. "ಹೇಗೆ ಡ್ರಾಪ್ ಮಾಡ್ಲಿ? ದೇ ಪುಟ್ ಎ ಶಾಲು ಆನ್ ಮಿ."

ನಂತರ ಇನ್ನೊಂದು ಸಂಗತಿ ಹೊರಬಂತು. ಸನ್ಮಾನ ಮುಗಿದು ಆಕೆ ಕೌಂಟರಿಗೆ ಮರಳಿದಾಗ ಗುಲಾಬಿ ಲಂಗದ ಒಬ್ಬ ಪುಟ್ಟ ಹುಡುಗಿ ತಟ್ಟೆ ಹಿಡಿದು ಬಂದಿದ್ದಳಂತೆ. "ಈಸ್ ಇಟ್ ಹಾರ್ಡ್ ಅಕ್ಕಾ ಅಂತ ಕೇಳಿದ್ಳು. ನಾನು ಇಲ್ಲ ಅಂದೆ. ಹಾಗಾದ್ರೆ ನಾನೂ ತಗೋತೀನಿ ಅಂದ್ಳು. ಪೇಟ ಇನ್ನೂ ತಲೆ ಮೇಲೇ ಇತ್ತಮ್ಮಾ. ಈಗ ನಾನು ಬಿಟ್ರೆ ಅವ್ಳಿಗೆ ಏನು ಹೇಳ್ಲಿ?"

ಈ ಹೇಳಿಕೆಯನ್ನು ನೀಡುವಾಗ ಆಕೆ ಅಳುತ್ತಿರಲಿಲ್ಲ. ಪುಸ್ತಕದ ಆ ಪುಟದಲ್ಲಿ ಇಳಿಜಾರಿನಲ್ಲಿ ಉರುಳುವ ಒಂದು ಚಕ್ರದ ಚಿತ್ರವಿತ್ತು. ಕರಿಬೇವು ತರುವುದನ್ನು ಮರೆತು ಮನೆಗೆ ಬಂದೆವು.

6. ಸೋಮವಾರ ಶಾಲೆಯ ಕೌನ್ಸೆಲರ್ ಅವರನ್ನು ಕಂಡೆ. ಅವರು ಹೇಳಿದ್ದು: ಸೆಪ್ಟೆಂಬರ್ 26ರ ಶುಕ್ರವಾರ ಶಾಲೆ ಬಿಡುವುದರೊಳಗೆ ತರಗತಿ ಬಿಡುವ ಫಾರಂ ಕೊಟ್ಟರೆ ಆ ತರಗತಿಯ ಗುರುತು ಅಂಕಪಟ್ಟಿಯಲ್ಲಿ ಉಳಿಯುವುದಿಲ್ಲ. ತಡವಾದರೆ ಅರ್ಧಕ್ಕೆ ಬಿಟ್ಟಳೆಂಬ ಗುರುತು ಕಾಲೇಜುಗಳಿಗೂ ಹೋಗುತ್ತದೆ. ಆಕೆಯ ಉಳಿದ ತರಗತಿಗಳು ಸಾಕಷ್ಟು ಕಷ್ಟದವೇ. ಇದೊಂದನ್ನು ಬಿಟ್ಟರೆ ಯಾವ ಕಾಲೇಜು ಏನೆಂದುಕೊಳ್ಳುತ್ತದೆ ಎಂದು ನಾನು ಕೇಳಿದ್ದಕ್ಕೆ, "ನನಗೆ ಗೊತ್ತಿಲ್ಲ" ಎಂದರು. ಈ ಇಡೀ ಪ್ರಕರಣದಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದವರು ಅವರೊಬ್ಬರೇ.

ಫಾರಮ್ಮಿಗೆ ಎರಡು ಸಹಿ ಬೇಕು, ಪಾಲಕರದ್ದೊಂದು, ವಿದ್ಯಾರ್ಥಿಯದ್ದೊಂದು. ನನ್ನ ಸಹಿ ಅಲ್ಲೇ ಹಾಕಿದೆ. ಐಶ್ವರ್ಯಾ ಫಾರಮ್ಮನ್ನು ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡಳು. ಮಂಗಳವಾರವೂ ಅದು ಬ್ಯಾಗಿನಲ್ಲಿತ್ತು. ಬುಧವಾರವೂ ಇತ್ತು.

7. ಕಾರಣ ನಾನು ಬುಧವಾರ ಸಂಜೆ ತಮಗೆ ಫೋನ್ ಮಾಡಿ, ಸನ್ಮಾನವನ್ನು ವಾಪಸು ಪಡೆದು ನನ್ನ ಮಗಳನ್ನು ಬಿಡುಗಡೆ ಮಾಡಬೇಕೆಂದು ಬೇಡಿಕೊಂಡೆ. ತಮ್ಮ ಉತ್ತರ ಅಕ್ಷರಶಃ ಹೀಗಿತ್ತು:

"ಅಯ್ಯೋ ನಿವೇದಿತಾ ಅವ್ರೇ, ಸನ್ಮಾನ ಅಂದ್ರೆ ಅದೇನು ಅಂಗಡಿ ಸಾಮಾನಾ, ಬಿಲ್ ತೋರ್ಸಿ ರಿಟರ್ನ್ ಮಾಡಕ್ಕೆ? ಇಷ್ಟು ವರ್ಷದಲ್ಲಿ ಒಬ್ರೂ ವಾಪಸ್ ಕೊಟ್ಟಿಲ್ಲ. ಇನ್ನೊಂದು ಯಾವಾಗ ಅಂತ ಕೇಳಿದಾರೆ, ಅಷ್ಟೆ."

"ಮಗು ಒದ್ದಾಡ್ತಾ ಇದಾಳೆ ಸರ್."

"ಮಕ್ಕಳು ಒದ್ದಾಡ್ಲೇಬೇಕಮ್ಮ. ಕಾಲೇಜ್‌ನವರು ಅದನ್ನೇ ಕೇಳೋದು, ಎಸ್ಸೇಲಿ ಬರೀಲಿ. ಸರಿ, ನೀವು ಬರೆದು ಕೊಡಿ, ನೋಡೋಣ. ಅಕ್ಟೋಬರ್ ಹನ್ನೆರಡಕ್ಕೆ ಕಮಿಟಿ ಮೀಟಿಂಗ್ ಇದೆ."

ಅಕ್ಟೋಬರ್ 12 ಎಂಬುದು ಸೆಪ್ಟೆಂಬರ್ 26ರ ನಂತರ ಬರುತ್ತದೆ ಎಂಬುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

8. ಆದರೂ ಅರ್ಜಿಯ ಜೊತೆ ಲಗತ್ತಿಸಲೆಂದು ಶುಕ್ರವಾರ ಬೆಳಿಗ್ಗೆ ಕಪಾಟಿನಲ್ಲಿ ಶಾಲನ್ನು ಹುಡುಕಿದೆ. ಇರಲಿಲ್ಲ. ಅಷ್ಟರಲ್ಲಿ ನನ್ನ ತಾಯಿ ವಾಕಿಂಗ್ ಮುಗಿಸಿ ಒಳಗೆ ಬಂದರು. ಶಾಲು ಅವರ ಮೈಮೇಲಿತ್ತು. ಹಬ್ಬದ ಮರುವಾರದಿಂದಲೇ ಬೆಳಗಿನ ಚಳಿಗೆ ಅದನ್ನೇ ಹೊದೆಯುತ್ತಿದ್ದರೆಂದು ತಿಳಿದುಬಂತು. ಜರಿಯಂಚಿನ ಬಳಿ ಒಗ್ಗರಣೆಯ ಅರಿಶಿನ ಸಿಡಿದ ಕಲೆಯೂ ಇತ್ತು. ಐಶ್ವರ್ಯಾ ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತಿದ್ದಳು, ತಿನ್ನುತ್ತಿರಲಿಲ್ಲ. ನಡೆದ ಮಾತುಕತೆಯನ್ನು ಇದ್ದಂತೆ ಕೊಟ್ಟಿದ್ದೇನೆ.

"ಅವ್ವಾ, ಅದು ಸನ್ಮಾನದ ಶಾಲು. ವಾಪಸ್ ಕೊಡೋದೈತಿ."

"ಯಾಕ ಕೊಡಬೇಕು? ಬೆಚ್ಚಗೈತಿ."

"ಶಾಲು ಹೊದಿಸ್ಯಾರ ಅಂತ ಇಕಿ ಪಾಠ ಬಿಡವಲ್ಲಳು."

ನನ್ನ ತಾಯಿ ಮೊಮ್ಮಗಳ ಎದುರಿನ ಕುರ್ಚಿ ಎಳೆದು ಕೂತರು. "ಐಶೂ, ಇಲ್ಲಿ ನೋಡು. ಶಾಲು ಈಗ ಯಾರ ಮೈಮ್ಯಾಲ ಐತಿ?"

"ನಿಮ್ಮ ಮೇಲೆ."

"ಹಾಂ. ಅಂದಮ್ಯಾಲ ಆ ಪಾಠನೂ ನನ್ನ ಕೊಳ್ಳಿಗೆ ಬಿತ್ತಲ್ಲ. ಎಂಥಾ ಶಾಣ್ಯಾ ಮಂದಿಗೂ ತಿಳಿವಲ್ದಂತ, ನಾ ಏನ್ ಓದಲಿ? ನಾ ಒಲ್ಲೆ. ನಾ ಬಿಟ್ಟೆ. ಬರಕೋ ಅಲ್ಲಿ, ನಮ್ಮಜ್ಜಿ ಫಿಸಿಕ್ಸ್ ಬಿಟ್ಟಳು ಅಂತ."

"ಅಜ್ಜೀ, ಯು ಆರ್ ನಾಟ್ ಈವನ್ ಎನ್ರೋಲ್ಡ್."

"ಸೇರಿದ್ದಕ್ಕ ನಿನಗ ಶಾಲು ಹೊದಿಸ್ಯಾರ. ಬಿಟ್ಟಿದ್ದಕ್ಕ ನನಗೂ ಒಂದು ಹೊದಿಸಲಿ. ಇಲ್ಲಾ, ಇದಽ ಇರಲಿ."

ಐಶ್ವರ್ಯಾ ಬಾಯಿಗೆ ಕೈ ಅಡ್ಡ ಹಿಡಿದಳು. ಆದರೂ ನಗು ಹೊರಗೆ ಬಂತು. ನಂತರ ನಿಲ್ಲಿಸಿ, "ಮತ್ತೆ ಆ ಪಿಂಕ್ ಲಂಗದ ಹುಡುಗಿ?" ಎಂದಳು. ಆ ಸಂಗತಿಯನ್ನು ನಾನು ನನ್ನ ತಾಯಿಗೆ ಮೊದಲೇ ಹೇಳಿದ್ದೆ.

"ಅಕಿಗೆ ಖರೇ ಹೇಳು. ಭಾಳ ಕಷ್ಟ ಐತವ್ವಾ, ನನಗ ಬರಲಿಲ್ಲ, ನಿನಗ ಬಂದೀತು ನೋಡು ಅಂತ ಹೇಳು. ಏನಾಕ್ಕೈತಿ? ಬೇಕಂದರ ಅಕಿ ಓದತಾಳ, ಒಲ್ಲಂದರ ಬಿಡತಾಳ. ಸಸಾರ ಐತಿ ಅಂತ ಹೇಳಿ ಕಳಿಸಿದಿ ಅಂದರ, ಬರದಿದ್ದ ದಿನ ತಾನಽ ದಡ್ಡಿ ಅನಕೊಂತಾಳ. ನಿನ್ನಂಗ."

ಐಶ್ವರ್ಯಾ ಬ್ಯಾಗಿನಿಂದ ಫಾರಂ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಸಹಿ ಹಾಕಿದಳು. ಅದಕ್ಕೆ ಉಪ್ಪಿಟ್ಟಿನ ಎಣ್ಣೆ ತಾಗಿತು. ಎಣ್ಣೆ ತಾಗಿದ ಫಾರಮ್ಮನ್ನು ಶಾಲೆಯ ಕಚೇರಿಯವರು ತಕರಾರಿಲ್ಲದೆ ಸ್ವೀಕರಿಸಿದರು.

9. ಅಂದು ಸಂಜೆ ವಿಷಯ ನನ್ನ ಪತಿಗೆ ತಿಳಿಯಿತು. ಅವರ ಮುಂದೆ ಎರಡೇ ಪ್ರಶ್ನೆಗಳಿದ್ದವು. ಮೊದಲನೆಯದು ಮಗಳಿಗೆ: "ಆ ಪಿರಿಯಡ್‌ದಾಗ ಈಗ ಏನ್ ಮಾಡ್ತಿ?"

"ಲಂಚ್" ಎಂದಳು ಐಶ್ವರ್ಯಾ.

ಊಟದ ಬಿಡುವಿನಲ್ಲಿ ಆಕೆ ದಿನವೂ ಫಿಸಿಕ್ಸ್ ಮೇಷ್ಟ್ರ ಕೋಣೆಯ ಹೊರಗೆ ಸಂದೇಹ ಕೇಳಲು ಸಾಲಿನಲ್ಲಿ ನಿಲ್ಲುತ್ತಿದ್ದಳೆಂಬುದು ನಮಗೆ ಗೊತ್ತಾದದ್ದು ಆಗ. ಅವರು ಎರಡನೇ ಪ್ರಶ್ನೆಯನ್ನು ನನ್ನ ಕಡೆ ತಿರುಗಿ ಕೇಳಿದರು: "ಪ್ರಶಸ್ತಿ ಸಾಲಿನಾಗ ಏನ್ ಹಾಕ್ಲಿ?"

"ಖಾಲಿ ಬಿಡ್ರಿ."

"ಖಾಲಿ ಬಿಟ್ಟರ ಖಾಲಿ ಕಾಣ್ತೈತಿ."

"ಖಾಲಿ ಐತಿ, ಅದಕ್ಕ."

ಅವರು ಇಂಟರ್‌ನ್ಯಾಷನಲ್ ಎಂಬುದರ ಸಮೇತ ಇಡೀ ಸಾಲನ್ನು ಅಳಿಸಿದರು. ಅಳಿಸುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಆದರೆ ಅಳಿಸಿದರು. ಆ ಖಾಲಿ ಸಾಲಿನಿಂದ ಯಾವ ಕಾಲೇಜು ಬಾಗಿಲು ಹಾಕುತ್ತದೆ, ಯಾವುದು ತೆರೆಯುತ್ತದೆ ಎಂಬುದು ಮಾರ್ಚ್‌ವರೆಗೆ ಪೂರ್ತಿ ತಿಳಿಯುವುದಿಲ್ಲ. ಆಗಲೂ, ಕಾರಣ ಇದೇ ಎಂದು ಯಾರೂ ಬರೆದು ಕೊಡುವುದಿಲ್ಲ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಾಗಿ, ಮತ್ತು ಶಾಲು ಈಗಾಗಲೇ ಶ್ರೀಮತಿ ಕಾಶವ್ವನವರ ಸ್ವಾಧೀನದಲ್ಲಿರುವ ಕಾರಣ, ತಾವು ದಯವಿಟ್ಟು:

ಅ) ಸನ್ಮಾನಿತರ ಹೆಸರನ್ನು "ಶ್ರೀಮತಿ ಕಾಶವ್ವ, ಗದಗ" ಎಂದೂ, ಸಾಧನೆಯನ್ನು "ಎಪಿ ಫಿಸಿಕ್ಸ್ ಸಿ ತರಗತಿಯನ್ನು ಸಕಾಲದಲ್ಲಿ ಬಿಟ್ಟದ್ದು" ಎಂದೂ ಬದಲಾಯಿಸಬೇಕು. ಸನ್ಮಾನದ ಹೆಸರು ಬದಲಾಯಿಸುವ ಪದ್ಧತಿ ಇಲ್ಲವೆಂದು ಸಮಿತಿಯು ಹೇಳುವಂತಿಲ್ಲ. ಇದೇ ಸನ್ಮಾನದ ಹೆಸರನ್ನು ಬಳಗವು ವೇದಿಕೆಯ ಮೆಟ್ಟಿಲ ಮೇಲೆ ಒಮ್ಮೆ ಬದಲಾಯಿಸಿದೆ. ಸ್ಟಿಕ್ಕರನ್ನು ಬೆಳಕಿಗೆ ಹಿಡಿದರೆ ಡಾ. ಅರವಿಂದ ಅವರ ಹೆಸರು ಈಗಲೂ ಓದಲು ಬರುತ್ತದೆ. ಇನ್ನೊಂದು ಸ್ಟಿಕ್ಕರಿಗೆ ಅದರ ಮೇಲೆ ಜಾಗವಿದೆ.

ಆ) ಮಾಸಪತ್ರಿಕೆಯಲ್ಲಿ ಅದೇ ಏಳನೇ ಪುಟದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ತಿದ್ದುಪಡಿ ಪ್ರಕಟಿಸಬೇಕು. ಕೊನೆಯ ಪುಟದಲ್ಲಿ, ಬಾಡಿಗೆಗೆ ಕೋಣೆ ಇದೆ ಎಂಬುದರ ಕೆಳಗೆ ಹಾಕಬಾರದು.

ಇ) ಡಾ. ಅರವಿಂದ ಅವರಿಗೆ ಹೊಸ ಶಾಲು ಹೊದಿಸಬೇಕು. ಅವರು ನಿಜವಾಗಿಯೂ ವಿಜ್ಞಾನಿ. ವಾಲ್ನಟ್ ಕ್ರೀಕ್‌ನಿಂದ ಮಿಲ್ಪಿಟಾಸ್‌ಗೆ ಬಾರ್ಟ್ ರೈಲು ಹಿಡಿದರೆ ನಡುವೆ ಗಾಡಿ ಬದಲಾಯಿಸಬೇಕಾಗುತ್ತದೆ, ಆದರೆ ಬಂದು ತಲುಪುತ್ತಾರೆ.

ತಮ್ಮ ವಿಶ್ವಾಸಿ, ಮುಂದಿನ ಕಾರ್ಯಕ್ರಮಕ್ಕೂ ಹೆಪ್ಪು ಹಾಕಲಿರುವ,

(ಸಹಿ)
ನಿವೇದಿತಾ ಸಂತೋಷಕುಮಾರ

ಲಗತ್ತುಗಳು:
1. ಸ್ಮರಣಿಕೆ, ಒಂದು. ಸ್ಟಿಕ್ಕರ್ ಸಹಿತ.
2. ಪೇಟ, ಒಂದು. ನಮ್ಮ ಮನೆಯಲ್ಲಿ ಯಾರ ತಲೆಗೂ ಸರಿಹೊಂದುವುದಿಲ್ಲ.
3. ಶಾಲು ಲಗತ್ತಿಸಿಲ್ಲ, ಬಳಕೆಯಲ್ಲಿದೆ. ಸಮಿತಿಯು ಪರಿಶೀಲಿಸಬಯಸಿದಲ್ಲಿ ಬೆಳಗಿನ ವಾಕಿಂಗ್ ಮುಗಿದ ಮೇಲೆ ಬರಬಹುದು.
4. ಹಣ್ಣಿನ ಬುಟ್ಟಿ, ಖಾಲಿ. ಅನಾನಸು ಚೆನ್ನಾಗಿತ್ತು.
5. ಪ್ಲಾಸ್ಟಿಕ್ ಕೈಗವಸು, ಬಲಗೈಯದು, ಒಂದು.

ಕೊನೆಯ ಕೋರಿಕೆ: ನವೆಂಬರ್ 1ರ ರಾಜ್ಯೋತ್ಸವಕ್ಕೆ ಐಶ್ವರ್ಯಾ ಬರುತ್ತಾಳೆ. ಕೆಲವು ಕಾಲೇಜುಗಳಿಗೆ ಅರ್ಜಿ ಹಾಕಲು ಅದೇ ಕೊನೆಯ ದಿನವಾದರೂ ಬರುತ್ತೇನೆಂದು ಹೇಳಿದ್ದಾಳೆ. ಗುಲಾಬಿ ಲಂಗದ ಹುಡುಗಿಗೆ ಒಂದು ಮಾತು ಹೇಳುವುದಿದೆಯಂತೆ. ಅದಕ್ಕೆ ವೇದಿಕೆ ಬೇಡ, ಮೈಕು ಬೇಡ. ಮೊಸರನ್ನದ ಕೌಂಟರಿನಲ್ಲಿ ಆಕೆಗೆ ಮೊದಲಿನ ಜಾಗವನ್ನೇ ಕೊಟ್ಟು, ಅಂದು 680ರಲ್ಲಿ ಯಾರೇ ಸಿಕ್ಕಿಕೊಂಡರೂ ಆಕೆಯನ್ನು ಅಲ್ಲಿಂದ ಕರೆಯಬಾರದೆಂದು ವಿನಂತಿ.